ಹಿಡಿಗೆ ಅಂಟಿದ ಅರಿಶಿನ

ಕೆನಡಾದ ಅರೋರಾ ಊರಿನ ಗಿರೀಶನಿಗೆ ಒಂದು ಬೂದುಗುಂಬಳಕಾಯಿ ಒಡೆಯಲು ಬರುತ್ತಿರಲಿಲ್ಲ. ಆಯುಧಪೂಜೆಯ ದಿನ ಡ್ರೈವ್‌ವೇನಲ್ಲಿ ಕಾರಿನ ಮುಂದೆ ಕಾಯಿ ಎತ್ತಿ ಹಾಕಿದರೆ ಅದು ಒಡೆಯುವ ಬದಲು ಉರುಳಿಕೊಂಡು ಪಕ್ಕದ ಮನೆಯವರ ಹುಲ್ಲಿಗೆ ಹೋಗುತ್ತಿತ್ತು. ಕೊನೆಗೆ ಹೆಂಡತಿ ವಸಂತಾಳೇ ಸೆರಗು ಸಿಕ್ಕಿಸಿ, "ಕೊಡ್ರೀ ಇಲ್ಲಿ" ಎಂದು ಒಂದೇ ಏಟಿಗೆ ಮುಗಿಸುತ್ತಿದ್ದಳು. ಇಂಥ ಪುಕ್ಕಲನನ್ನು ಆ ಕಡೆಯ ಕನ್ನಡದವರೆಲ್ಲ 'ಕತ್ತಿ ಗಿರೀಶ' ಎನ್ನುತ್ತಿದ್ದರು ಎಂದರೆ ನಗು ಬರುವುದಿಲ್ಲವೇ? ನಗಿ, ಪರವಾಗಿಲ್ಲ. ಆಗೆಲ್ಲ ಅವನೂ ನಗುತ್ತಿದ್ದ.

ಮೈಸೂರಿನವನು. ವುಡ್‌ಬ್ರಿಡ್ಜಿನಲ್ಲಿ ಪ್ಲಾಸ್ಟಿಕ್ ಸಾಮಾನಿಗೆ ಅಚ್ಚು ಮಾಡುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಶಾಂಪೂ ಬಾಟಲಿಯ ಮುಚ್ಚಳ, ಮಕ್ಕಳ ಊಟದ ಡಬ್ಬಿ, ಹಿಮ ತೆಗೆಯುವ ಸಲಿಕೆಯ ಹಿಡಿ, ಇವುಗಳ ಅಚ್ಚುಗಳ ನಡುವೆ ಅವನ ಹಗಲು ಕಳೆಯುತ್ತಿತ್ತು. ಸಂಜೆ ಮನೆಗೆ ಬಂದು ಕಾಫಿ ಕುಡಿದು ಬೇಸ್‌ಮೆಂಟಿಗೆ ಇಳಿದನೆಂದರೆ ಬೇರೆಯೇ ಮನುಷ್ಯ. ಅಲ್ಲಿ ಗೋಡೆಯ ಮೇಲೆ ಇಂಡೋನೇಷ್ಯಾದ ಹಳೆಯ ಕತ್ತಿಗಳು: ಜಾವಾದ ಅಂಕುಡೊಂಕಿನ ಕ್ರಿಸ್, ಸುಮಾತ್ರಾದ ಕ್ಲೆವಾಂಗ್, ಬೋರ್ನಿಯೋದ ಮಂಡಾವ್. ಅಲಗುಗಳ ಮೇಲೆ ಅವನಿಗೆ ಅಂಥ ಮೋಹವಿರಲಿಲ್ಲ. ಅವನ ಪ್ರಾಣವೆಲ್ಲ ಹಿಡಿಗಳ ಮೇಲೆ. ಇದು ಎಮ್ಮೆಕೊಂಬೋ, ಮೂಳೆಯೋ, ದಂತವೋ, ಮರವೋ ಎಂದು ನೋಡುತ್ತಾ ಕೂತರೆ ಸಾರು ಆರಿ ತಣ್ಣಗಾದರೂ ಗೊತ್ತಾಗುತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಈರುಳ್ಳಿಯಿಂದ. ನ್ಯೂಮಾರ್ಕೆಟ್‌ನಿಂದ ಉತ್ತರಕ್ಕೆ ಹೋದರೆ ಕಪ್ಪು ಮಣ್ಣಿನ ತಗ್ಗು ಜಮೀನು ಸಿಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಡಚ್ಚರು ಎಷ್ಟೋ ಮಂದಿ ಅಲ್ಲಿ ಈರುಳ್ಳಿ, ಕ್ಯಾರೆಟ್ಟು ಬೆಳೆದು ಬದುಕಿದವರು. ವಸಂತಾಳಿಗೆ ಈರುಳ್ಳಿ ಮೂಟೆಯಲ್ಲೇ ಬರಬೇಕು, ಅಂಗಡಿಯ ಬಲೆಚೀಲದ ಈರುಳ್ಳಿ ಕಂಡರೆ ಆಗದು. ತೊಂಬತ್ತನಾಲ್ಕರಲ್ಲಿ ಎಲೆ ಉದುರುವ ಕಾಲಕ್ಕೆ ಇಬ್ಬರೂ ಆ ಕಡೆ ಹೋದಾಗ ಒಂದು ಮನೆಯ ಮುಂದೆ ಹಳೆ ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿ ಮಾರಾಟಕ್ಕಿಟ್ಟಿದ್ದರು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಅಜ್ಜಿ ತನ್ನ ಸಂಸಾರ ಚೂರುಚೂರಾಗಿ ಕಾರುಗಳಿಗೆ ಏರುವುದನ್ನು ನೋಡುತ್ತಿದ್ದಳು. ಅವಳ ಮಡಿಲಲ್ಲಿ ಮರದ ಒರೆಯೊಳಗಿದ್ದ ಒಂದು ಕತ್ತಿ.

ಬಂದವರೆಲ್ಲ ಅದರ ಬೆಲೆ ಕೇಳುವವರೇ. ಅಜ್ಜಿ ತಲೆಯಾಡಿಸಿ ಕಳಿಸುತ್ತಿದ್ದಳು. ಗಿರೀಶ ಮಾತ್ರ ಬಗ್ಗಿ ನೋಡಿ, "ಈ ಹಿಡಿ ಯಾವುದರದ್ದು?" ಎಂದ. ಅಜ್ಜಿ ಅವನ ಮುಖ ನೋಡಿದಳು. "ಕುಳಿತುಕೋ" ಎಂದಳು.

ಅವಳ ಹೆಸರು ಅಲೀಡಾ. ಹುಟ್ಟಿದ್ದು ಬೋರ್ನಿಯೋದ ಒಂದು ನದಿಯ ದಡದಲ್ಲಿ. ಅಪ್ಪ ಅಲ್ಲಿನ ಡಚ್ ಸರ್ಕಾರದ ದೋಣಿಗಳ ಮೇಲ್ವಿಚಾರಕ. ಅಲ್ಲಿನ ದಾಯಕ್ ಬುಡಕಟ್ಟಿನ, ಅಪ್ಪನ ಸ್ನೇಹಿತನೊಬ್ಬ ತನ್ನ ಮಂಡಾವನ್ನು ಸ್ನೇಹದ ಗುರುತಿಗೆ ಕೊಟ್ಟಿದ್ದ. ಹಿಡಿ ಜಿಂಕೆಯ ಕೊಂಬಿನದು, ಅದರಲ್ಲೂ ನಮ್ಮ ನಾಗರಹೊಳೆ ಕಾಡಿನಲ್ಲಿರುವ ಅದೇ ಕಡವೆಯ ಕೊಂಬು. ಅದರಲ್ಲಿ ಬಾಯಿ ತೆರೆದ ಒಂದು ಪ್ರಾಣಿಯ ಮುಖ ಕೆತ್ತಿದ್ದರು, ಗದ್ದದ ಕೆಳಗೆ ಮೇಕೆಯ ಕೂದಲಿನ ಕುಚ್ಚು. ಅಲೀಡಾ ಪುಟ್ಟ ಹುಡುಗಿಯಾಗಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಆ ಬಾಯೊಳಗೆ ಕಿರುಬೆರಳು ಹಾಕುತ್ತಿದ್ದಳು. ಅಪ್ಪ "ಅಯ್ಯೋ ಕಚ್ಚಿತು!" ಎಂದು ಕೂಗುತ್ತಿದ್ದ. ಯುದ್ಧದಲ್ಲಿ ಜಪಾನಿನ ಸೈನ್ಯದವರು ಅಪ್ಪನನ್ನು ಕರೆದೊಯ್ದರು. ಅವನು ಹಿಂದಿರುಗಲಿಲ್ಲ. ಅಡುಗೆಯವಳು ಅಕ್ಕಿಯ ಗುಡಾಣದಲ್ಲಿ ಬಚ್ಚಿಟ್ಟಿದ್ದ ಮಂಡಾವ್ ಮಾತ್ರ ಹಿಂದಿರುಗಿತು.

"ನನ್ನ ಮಕ್ಕಳಿಗೆ ಇದು ಗುಜರಿ" ಎಂದಳು ಅಜ್ಜಿ. "ನೀನು ಬೆಲೆ ಕೇಳಲಿಲ್ಲ, ಯಾವುದರದ್ದು ಎಂದು ಕೇಳಿದೆ. ತೆಗೆದುಕೊಂಡು ಹೋಗು. ಮಾರಬೇಡ. ನಾನು ಕೇಳಿದಾಗ ತಂದು ನನ್ನ ಕೈಯಲ್ಲಿಡು, ಅಷ್ಟು ಸಾಕು."

ಗಿರೀಶ ಅವಳ ಅಂಗೈ ಮೇಲೆ ಅಂಗೈ ಇಟ್ಟು, ತರುತ್ತೇನೆ ಎಂದು ಮಾತು ಕೊಟ್ಟ. ಚೀಟಿ ಇಲ್ಲ, ಸಹಿ ಇಲ್ಲ. ಈರುಳ್ಳಿ ಮೂಟೆ ಹಿಡಿದು ನಿಂತಿದ್ದ ವಸಂತಾ ಒಬ್ಬಳೇ ಸಾಕ್ಷಿ.

ಅಲ್ಲಿಂದ ಹತ್ತಿತು ನೋಡಿ ಹುಚ್ಚು. ಕೊರಳಿಗೆ ದಾರ ಕಟ್ಟಿ ಒಂದು ಭೂತಗನ್ನಡಿ ಇಳಿಬಿಟ್ಟುಕೊಂಡ. "ನನಗೆ ಕಟ್ಟಿದ್ದಕ್ಕಿಂತ ಭದ್ರವಾಗಿ ಕಟ್ಕೊಂಡಿದ್ದೀರಿ" ಎಂದು ವಸಂತಾ ಚುಡಾಯಿಸುತ್ತಿದ್ದಳು. ಮೂಳೆಯಾದರೆ ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ ಕಾಣುತ್ತದೆ. ಆನೆಯ ದಂತವಾದರೆ ಕೊಯ್ದ ಕಡೆ ಗೆರೆಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ಎಮ್ಮೆಕೊಂಬು ಎಷ್ಟೇ ಕಪ್ಪಗಿದ್ದರೂ ತೆಳು ಅಂಚನ್ನು ಬೆಳಕಿಗೆ ಹಿಡಿದರೆ ಡಿಕಾಕ್ಷನ್ ಬಣ್ಣ ಬರುತ್ತದೆ. ಕಡವೆ ಕೊಂಬಿನ ಒಳಗೆಲ್ಲ ತೂತು ತೂತು. ಹೊರಗೆ ಕೆತ್ತಿದ ಕಡೆ ನೀರು ಬಿದ್ದರೂ ಕುಡಿದುಬಿಡುತ್ತದೆ. ಮೋಸದ ಮಾಲಾದರೆ ಪ್ಲಾಸ್ಟಿಕ್, ಅದನ್ನು ಹಿಡಿಯಲು ಗಿರೀಶನಿಗೆ ಭೂತಗನ್ನಡಿಯೂ ಬೇಡ, ಅಚ್ಚಿನ ಎರಡು ಹೋಳು ಕೂಡಿದ ಗೆರೆ ಎಲ್ಲಿರುತ್ತದೆಂದು ಅವನ ಬೆರಳಿಗೇ ಗೊತ್ತು. ಅದೇ ಅಲ್ಲವೇ ಅವನ ಹೊಟ್ಟೆಪಾಡು!

ಈ ವಿದ್ಯೆಯನ್ನೆಲ್ಲ ಅವನು ಒಬ್ಬನಿಗೆ ಧಾರೆ ಎರೆದ. ಆ ಒಬ್ಬ ಮಧುಸೂದನ್. ಬೆಂಗಳೂರಿನವನು, ಸಾಫ್ಟ್‌ವೇರ್, ಮನೆ ವುಡ್‌ಬ್ರಿಡ್ಜಿನಲ್ಲಿ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಪಕ್ಕಪಕ್ಕ ಕೂತು ಪರಿಚಯವಾದವನು ವರ್ಷ ತುಂಬುವುದರೊಳಗೆ ಮನೆಯವನೇ ಆಗಿಬಿಟ್ಟ. ಗಿರೀಶನ ತಂದೆ ಮೈಸೂರಿನಲ್ಲಿ ತೀರಿಕೊಂಡಾಗ ಹಿಮದ ಬಿರುಗಾಳಿಯಲ್ಲಿ ಏರ್‌ಪೋರ್ಟಿಗೆ ಕರೆದೊಯ್ದವನು ಅವನು. ಗಿರೀಶನ ಮಗಳು ಸಾಹಿತ್ಯಳಿಗೆ ಸೈಕಲ್ ಕಲಿಸಿದವನೂ ಅವನೇ. ವಸಂತಾಳನ್ನು ಬಾಯ್ತುಂಬ "ಅತ್ತಿಗೆ" ಎನ್ನುತ್ತಿದ್ದ. ಭಾನುವಾರ ಬೆಳಗಾದರೆ ಇಬ್ಬರೂ ಹಳೆ ಸಾಮಾನು ಮಾರುವ ಫ್ಲೀ ಮಾರ್ಕೆಟ್ಟುಗಳನ್ನು ಸುತ್ತುವವರು. ಮಧು ಒಂದು ಹಿಡಿಯನ್ನು ನೋಡಿ "ಮೂಳೆ" ಎಂದು ಸರಿಯಾಗಿ ಹೇಳಿದ ದಿನ ಗಿರೀಶ ತನ್ನ ಭೂತಗನ್ನಡಿಯನ್ನೇ ಬಿಚ್ಚಿ ಅವನ ಕೊರಳಿಗೆ ಹಾಕಿ, ತನಗೆ ಬೇರೊಂದು ಕೊಂಡಿದ್ದ. ಅಣ್ಣತಮ್ಮಂದಿರೂ ಹಾಗಿರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳಿದವನೇ.

ಇನ್ನು ಅರಿಶಿನದ ಕಥೆ. ಆಯುಧಪೂಜೆಗೆ ಬೇರೆಯವರ ಮನೆಯಲ್ಲಿ ಕಾರು, ಕಂಪ್ಯೂಟರು, ಮಿಕ್ಸಿ. ಗಿರೀಶನ ಮನೆಯಲ್ಲಿ ನಿಜವಾದ ಆಯುಧಗಳು! ಊಟದ ಮೇಜಿನ ಮೇಲೆ ಬಾಳೆಲೆ ಹಾಸಿ ಕತ್ತಿಗಳನ್ನು ಸಾಲಾಗಿ ಮಲಗಿಸುತ್ತಿದ್ದರು. ಅರಿಶಿನ ಕುಂಕುಮ ಅಲಗಿಗೆ ಮಾತ್ರ, ಹಿಡಿಗೆ ಬರೀ ಹೂವು ಎಂದು ಗಿರೀಶನ ಕಟ್ಟಪ್ಪಣೆ. ತೊಂಬತ್ತೊಂಬತ್ತರ ಪೂಜೆಯ ದಿನ ಮನೆತುಂಬ ಜನ, ಒಲೆಯ ಮೇಲೆ ಪಾಯಸ ಉಕ್ಕುತ್ತಿತ್ತು, ವಸಂತಾ ಅವಸರದಲ್ಲಿ ಕಲಸಿದ ಅರಿಶಿನವನ್ನು ಮಂಡಾವಿನ ಹಿಡಿಗೇ, ಆ ಪ್ರಾಣಿಯ ಎಡಗೆನ್ನೆಗೇ ಬಳಿದುಬಿಟ್ಟಳು. ಕಡವೆಯ ಕೊಂಬು ಗಟಗಟನೆ ಕುಡಿಯಿತು. ಒರೆಸಿದರೂ ಹೋಗಲಿಲ್ಲ. ಕೆನ್ನೆಯಿಂದ ಬಾಯಿಯ ಅಂಚಿನವರೆಗೆ ಅವಳ ಉಂಗುರದ ಬೆರಳು ಹಾದುಹೋದ ಒಂದು ಹಳದಿ ಪಟ್ಟೆ ನಿಂತೇಹೋಯಿತು.

"ಏನ್ ಮಾಡ್ದೆ ನೀನು! ಅದು ನಮ್ದಲ್ಲ ಕಣೇ, ಅಜ್ಜೀದು!" ಎಂದು ಬಂದವರ ಎದುರಿಗೇ ಕಿರುಚಿದ ಗಿರೀಶ. ಜೋರು ಮಾತಾಡದ ಮನುಷ್ಯ ಕಿರುಚಿದ್ದಕ್ಕೆ ವಸಂತಾಳ ಕಣ್ಣು ತುಂಬಿ ಬಂತು.

"ಅಪ್ಪಾ, ಇಟ್ಸ್ ಜಸ್ಟ್ ಟರ್ಮೆರಿಕ್" ಎಂದಳು ಸಾಹಿತ್ಯ.

ಆಗ ನಡುವೆ ಬಂದವನು ಮಧು. "ಇರ್ಲಿ ಬಿಡಿ ಅತ್ತಿಗೆ, ದೃಷ್ಟಿಬೊಟ್ಟು ಇಟ್ಟಿದ್ದೀರಿ ಅಷ್ಟೇ. ಏಯ್ ಗಿರಿ, ಹಬ್ಬದ ದಿನ ಸುಮ್ನಿರೋ" ಎಂದು ಇಬ್ಬರನ್ನೂ ನಗಿಸಿ, ಪಾಯಸ ಎರಡು ಸಲ ಹಾಕಿಸಿಕೊಂಡು ಕುಡಿದ. ಆ ಪಟ್ಟೆಯನ್ನು ಅವನಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಂಡಿರಿ.

ಅಜ್ಜಿ ಆಗಲೇ ಪಶ್ಚಿಮದ ಕಡೆ, ಆಲ್ಬರ್ಟಾದಲ್ಲಿದ್ದ ಮಗನ ಮನೆಗೆ ಹೋಗಿದ್ದಳು. ಕ್ರಿಸ್‌ಮಸ್ಸಿಗೆ ಫೋನು ಮಾಡಿ, "ಅದು ಕ್ಷೇಮವೇ?" ಎನ್ನುತ್ತಿದ್ದಳು. "ಕ್ಷೇಮ" ಎನ್ನುತ್ತಿದ್ದ ಗಿರೀಶ, ಅರಿಶಿನದ ಸುದ್ದಿ ಎತ್ತದೆ.

ಎರಡು ಸಾವಿರದ ಎರಡರಲ್ಲಿ ಮಂಡಾವಿನ ಹಿಡಿ ಅಲುಗಾಡತೊಡಗಿತು. ಅಲಗನ್ನು ಕೂಡಿಸಿದ್ದ ಹಳೆಯ ರಾಳ ಒಣಗಿ ಪುಡಿಯಾಗಿತ್ತು. ಮಧು ಅಷ್ಟು ಹೊತ್ತಿಗೆ ಟೊರಾಂಟೊದ ಒಂದು ಹಳೆ ಆಯುಧಗಳ ಕ್ಲಬ್ಬು ಸೇರಿದ್ದ. ಅಲ್ಲಿ ದೊಡ್ಡ ದೊಡ್ಡ ಜನ, ಭಾಷಣ, ಪ್ರದರ್ಶನ. ಗಿರೀಶನನ್ನೂ ಕರೆದ. ಅವನಿಗೆ ಅಂಥದ್ದರಲ್ಲಿ ಮನಸ್ಸಿರಲಿಲ್ಲ.

"ನಮ್ ಕ್ಲಬ್ಬಲ್ಲಿ ಒಬ್ಬ ರಿಪೇರಿ ಮಾಡೋನಿದ್ದಾನೆ ಗಿರಿ. ಎಕ್ಸ್‌ಪರ್ಟು. ಕೊಟ್ಟಿರು, ಸರಿ ಮಾಡಿಸ್ಕೊಂಡು ಬರ್ತೀನಿ."

ಗಿರೀಶ ಕೊಟ್ಟ. ಯಾಕೆ ಕೊಡಬಾರದು? ಮನೆಯ ಬೀಗದ ಕೈಯೇ ಅವನ ಹತ್ತಿರ ಇತ್ತು.

ಮಂಡಾವ್ ಮರಳಿ ಬಂದದ್ದು ಹಿಮ ಕರಗಿದ ಮೇಲೆ. ಹಿಡಿ ಗಟ್ಟಿಯಾಗಿ ಕೂತಿತ್ತು. ಅದಕ್ಕಿಂತ ಆಶ್ಚರ್ಯ, ಅರಿಶಿನದ ಪಟ್ಟೆಯೇ ಇರಲಿಲ್ಲ! "ಅವ್ನೇ ಏನೋ ಹಾಕಿ ತೆಗ್ದ" ಎಂದ ಮಧು. ವಸಂತಾಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನನ್ನ ಕೈಯಿಂದಾದ ಅಪಚಾರ ಮಧು ಕೈಯಿಂದ ಕಳೆಯಿತು ಎಂದು ಮೈಸೂರುಪಾಕು ಮಾಡಿ ಡಬ್ಬಿ ತುಂಬಿ ಕಳಿಸಿದಳು. ಗಿರೀಶನೂ ಕುಣಿದಾಡಿದ. ಯಾರದೋ ಮನೆಗೆ ಊಟಕ್ಕೆ ಹೋದರೂ ಅಲ್ಲಿನ ಚಾಕುವಿನ ಹಿಡಿಯನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದ ಮಹಾನುಭಾವ, ಇದೊಂದನ್ನು ಮಾತ್ರ ನೋಡಲಿಲ್ಲ. ಮಧು ಕೈಯಿಂದ ಬಂದದ್ದನ್ನು ಪರೀಕ್ಷೆ ಮಾಡುವುದೆಂದರೇನು? ಗೋಡೆಗೆ ನೇತುಹಾಕಿ ದೀಪ ಆರಿಸಿ ಮೇಲೆ ಬಂದ.

ಅಜ್ಜಿ ಹಿಂದಿರುಗಿದ್ದು ಎರಡು ಸಾವಿರದ ಆರರಲ್ಲಿ, ಅದೂ ಎರಡೂ ಕಣ್ಣು ಹೋದ ಮೇಲೆ. ನ್ಯೂಮಾರ್ಕೆಟ್‌ನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ಅಲ್ಲಿಂದ ಫೋನು ಬಂತು. "ಗಿರೀಶ್, ಈಗ ಕೇಳುತ್ತಿದ್ದೇನೆ. ತಾ."

ವಸಂತಾ ತನ್ನ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಮಂಡಾವನ್ನು ಸುತ್ತಿ ಕೊಟ್ಟಳು. ನರ್ಸಿಂಗ್ ಹೋಮಿನ ಬಾಗಿಲಲ್ಲೇ ಅಡ್ಡಿಯಾಯಿತು. ಪುಣ್ಯಕ್ಕೆ ಅಲ್ಲಿದ್ದ ನರ್ಸು ಜಯಶೀಲಾ ಉಡುಪಿ ಕಡೆಯವಳು.

"ಇದೆಂತದು ಮಾರಾಯ್ರೆ, ಆಸ್ಪತ್ರೆಗೆ ಕತ್ತಿ ತರ್ತಾರಾ ಯಾರಾದ್ರೂ? ಒರೆಗೆ ಸೇರಿಸಿ ಕಟ್ಟಿ ಮೊದ್ಲು. ಮತ್ತೆ ನಾನೇ ಹಿಡ್ಕೊಳ್ತೇನೆ, ಆಯ್ತಾ?" ಎಂದು ಗದರಿಸುತ್ತಲೇ ಒಳಗೆ ಬಿಟ್ಟಳು.

ಅಜ್ಜಿ ದಿಂಬಿಗೆ ಒರಗಿ ಎರಡೂ ಕೈ ಚಾಚಿ ಕಾಯುತ್ತಿದ್ದಳು. ಒಣಗಿ ಕಡ್ಡಿಯಾದ ಕೈ. ಹಿಡಿಯನ್ನು ಅಂಗೈಯಲ್ಲಿಟ್ಟ ಕೂಡಲೇ ಮುಖ ಅರಳಿತು. ಬೆರಳುಗಳು ಪ್ರಾಣಿಯ ಹಣೆ ಸವರಿದವು, ಗದ್ದದ ಕೂದಲು ಸವರಿದವು. ಆಮೇಲೆ ಕಿರುಬೆರಳು ಬಾಯಿ ಹುಡುಕಿಕೊಂಡು ಹೋಯಿತು. ಬಾಯಿ ಸಿಕ್ಕಿತು. ಬೆರಳು ಒಳಗೆ ಹೋಗಲಿಲ್ಲ. ಮತ್ತೊಮ್ಮೆ ಒತ್ತಿ ನೋಡಿದಳು. ತುಟಿಯ ಹಿಂದೆ ಒಂದು ತಗ್ಗು, ಅಷ್ಟೇ. ತೂತೇ ಇಲ್ಲ.

"ಇದು ಅದಲ್ಲ" ಎಂದಳು ಅಜ್ಜಿ.

"ಅದೇ, ಅದೇ ಇದು—"

"ನನ್ನ ಅಪ್ಪನ ಕತ್ತಿ ನನಗೆ ಗೊತ್ತಿಲ್ಲವೇ ಗಿರೀಶ್?" ಧ್ವನಿ ಏರಲೂ ಇಲ್ಲ. "ಮಾರಬೇಕೆನಿಸಿದ್ದರೆ ಒಂದು ಮಾತು ಹೇಳಬಹುದಿತ್ತು. ಕುರುಡಿಗೆ ಗೊತ್ತಾಗುವುದಿಲ್ಲ ಎಂದುಕೊಂಡೆಯಾ?" ಕತ್ತಿಯನ್ನು ಜಯಶೀಲಾಳ ಕಡೆ ನೂಕಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಗಿರೀಶ ಪಾರ್ಕಿಂಗ್ ಲಾಟಿಗೆ ಬಂದು ಕಾರಿನಲ್ಲಿ ಕೂತು ಭೂತಗನ್ನಡಿ ತೆಗೆದ. ಅದರ ಅಗತ್ಯವೇ ಬೀಳಲಿಲ್ಲ. ಹೆಬ್ಬೆರಳಿಗೆ ತಗುಲಿತು ಗೆರೆ. ಪ್ರಾಣಿಯ ಕಿವಿಯ ಹಿಂದಿನಿಂದ ಗದ್ದದವರೆಗೆ ಕೂದಲೆಳೆಯಷ್ಟು ಸಣ್ಣ ಗೆರೆ, ಅಚ್ಚಿನ ಎರಡು ಹೋಳು ಕೂಡಿದ ಜಾಗ. ಕಪ್ಪು ಟೀ ಬಣ್ಣ ಹಚ್ಚಿದ ಪ್ಲಾಸ್ಟಿಕ್ಕು. ದಿನವೂ ಇದನ್ನೇ ನೋಡಿ ಅನ್ನ ತಿನ್ನುವವನ ಮನೆಯ ಗೋಡೆಯ ಮೇಲೆ ನಾಲ್ಕು ವರ್ಷದಿಂದ ಇದು ನೇತಾಡುತ್ತಿತ್ತು! ಗಿರೀಶ ಸ್ಟೀರಿಂಗಿಗೆ ಹಣೆ ಇಟ್ಟು ಕೂತ.

ಆಗಲೂ ಅವನ ಮನಸ್ಸು ಮಧುವಿನ ಮೇಲೆ ಹೋಗಲಿಲ್ಲವೆಂದರೆ ನಂಬುತ್ತೀರಾ? "ಆ ರಿಪೇರಿಯವನು ಟೋಪಿ ಹಾಕಿದ್ದಾನೆ ವಸಂತಾ. ಪಾಪ, ಮಧೂಗೂ ಗೊತ್ತಿಲ್ಲ" ಎಂದ ಮನೆಗೆ ಬಂದು. ವಸಂತಾಳೂ ಪಾಪ ಎಂದಳು. ಮಧುವಿಗೆ ಫೋನು ಮಾಡಿದರೆ ಅವನೂ "ಛೇ ಛೇ, ಎಂಥಾ ಕೆಲ್ಸ ಮಾಡ್ದ ಬಡ್ಡೀಮಗ! ಊರು ಬಿಟ್ಟಿದ್ದಾನಂತೆ ಗಿರಿ, ವಿಚಾರಿಸ್ತೀನಿ ಇರು" ಎಂದು ಹಲುಬಿದ.

ಗುಟ್ಟು ಬಿಟ್ಟುಕೊಟ್ಟವಳು ಮಧುವಿನ ಹೆಂಡತಿ ಮೀರಾ. ಪಾಪದ ಹೆಣ್ಣು, ಏನೂ ಅರಿಯಳು. ವಸಂತಾಳಿಗೆ ಬೇರೇನಕ್ಕೋ ಫೋನು ಮಾಡಿದವಳು, "ಶನಿವಾರ ಇವ್ರ ಕ್ಲಬ್ಬಿನ ಷೋಗೆ ನೀವೂ ಬರ್ತಿದ್ದೀರಲ್ವಾ? ಈ ಸಲ ಮೇನ್ ಡಿಸ್‌ಪ್ಲೇನೇ ಇವ್ರದ್ದು" ಎಂದಳು. ಮಧು ಇವರಿಗೆ ಷೋದ ಸುದ್ದಿಯನ್ನೇ ಹೇಳಿರಲಿಲ್ಲ.

ಇಬ್ಬರೂ ಹೋದರು. ಟೊರಾಂಟೊದಲ್ಲೊಂದು ಸಭಾಂಗಣ, ಗಾಜಿನ ಪೆಟ್ಟಿಗೆಗಳು, ಕೋಟು ತೊಟ್ಟ ಜನ. ನಡುವಿನ ಪೆಟ್ಟಿಗೆಯಲ್ಲಿ ಬೇರೊಂದು ಅಲಗಿಗೆ ಕೂಡಿಸಿದ ಹಿಡಿ. ಬಾಯಿ ತೆರೆದ ಪ್ರಾಣಿ. ಎಡಗೆನ್ನೆಯಿಂದ ಬಾಯಿಯ ಅಂಚಿನವರೆಗೆ ಹಳದಿ ಪಟ್ಟೆ. ಪಕ್ಕದಲ್ಲಿ ಅಂದವಾಗಿ ಅಚ್ಚು ಹಾಕಿಸಿದ ಕಾರ್ಡು: ಮಧುಸೂದನ್ ಅವರ ಸಂಗ್ರಹ, ಕಡವೆ ಕೊಂಬಿನ ಹಿಡಿ, ಕೆನ್ನೆಯ ಮೇಲೆ ದಾಯಕ್ ಪೂರ್ವಿಕರು ಪೂಜೆಯಲ್ಲಿ ಹಚ್ಚಿದ ಬಣ್ಣದ ಅಪರೂಪದ ಉಳಿಕೆ.

ವಸಂತಾ ತನ್ನ ಉಂಗುರದ ಬೆರಳನ್ನೊಮ್ಮೆ ನೋಡಿಕೊಂಡಳು. ಆಮೇಲೆ ಗಾಜಿನೊಳಗಿನ ಪಟ್ಟೆ. "ರೀ" ಎಂದಳು, "ಇದು ನನ್ ಅರಿಶಿನ ಕಣ್ರೀ."

ಗಿರೀಶ ಗಾಜಿಗೆ ಬಗ್ಗಿ ಆ ಬಾಯೊಳಗಿನ ತೂತು ನೋಡಿದ. ಮಾತಾಡಿದವಳು ವಸಂತಾ. ಕೋಟು ತೊಟ್ಟವರ ನಡುವೆ ನಿಂತಿದ್ದ ಮಧುವಿನ ಎದುರು ಹೋಗಿ ನಿಂತಳು. ಮಧುವಿನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು, ಮತ್ತೆ ಸರಿಯಾಯಿತು. ಕ್ಲಬ್ಬಿನ ಹಿರಿಯನೊಬ್ಬ ಏನು ವಿಷಯ ಎಂದು ಕೇಳಿದ. ವಸಂತಾ ತನಗೆ ಬಂದ ಇಂಗ್ಲಿಷಿನಲ್ಲಿ, ಇದು ನಮ್ಮ ಮನೆಯದು, ಇದು ಯಾವ ಪೂರ್ವಿಕರ ಬಣ್ಣವೂ ಅಲ್ಲ, ನನ್ನ ಅಡುಗೆಮನೆಯ ಅರಿಶಿನ, ಪೆಟ್ಟಿಗೆ ತೆಗೆಯಿರಿ ತೋರಿಸುತ್ತೇನೆ ಎಂದಳು. ಬಾತ್‌ರೂಮಿನಿಂದ ಟಿಶ್ಯೂ ಪೇಪರಿಗೆ ಸೋಪಿನ ನೀರು ಹಾಕಿಕೊಂಡು ಬಂದಳು. ಅರಿಶಿನದ ಕಲೆಗೆ ಸೋಪು ತಗುಲಿದರೆ ಏನಾಗುತ್ತದೆಂದು ಬಟ್ಟೆ ಒಗೆದ ಯಾವ ಹೆಂಗಸನ್ನಾದರೂ ಕೇಳಿ. ಟಿಶ್ಯೂ ಮುಟ್ಟಿಸಿದ ಕಡೆ ಹಳದಿ ಪಟ್ಟೆ ಆರತಿಯ ನೀರಿನಂತೆ ಕೆಂಪಾಯಿತು.

ಸುತ್ತಲಿದ್ದವರು ಬಗ್ಗಿ ನೋಡಿದರು. ಮಧು ನಕ್ಕ. ಅವನು ನಕ್ಕದ್ದನ್ನು ವಸಂತಾ ಕಣ್ಣಾರೆ ನೋಡಿದಳು. ಅವನು ಎಲ್ಲರ ಕಡೆ ತಿರುಗಿ, ಹೌದು, ಅರಿಶಿನವೇ, ಬೋರ್ನಿಯೋದಲ್ಲೂ ಪೂಜೆಗೆ ಅರಿಶಿನವನ್ನೇ ಬಳಸುತ್ತಾರೆ, ನಮ್ಮ ಊರಿನ ಈ ಗೆಳತಿ ಅದನ್ನು ಪರೀಕ್ಷೆ ಮಾಡಿ ಸಾಬೀತು ಮಾಡಿಕೊಟ್ಟರು, ಬಹಳ ಉಪಕಾರವಾಯಿತು ಎಂದ. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ಗಿರೀಶ ಧಾರೆ ಎರೆದ ವಿದ್ಯೆಯನ್ನೇ ಗಿರೀಶನ ಮೇಲೆ ತಿರುಗಿಸಿದ. ಉಂಡ ಮನೆಯ ಅರಿಶಿನ, ಉಂಡ ಮನೆಯ ಪಾಯಸ. ಥೂ!

ಜನ ಚದುರಿದ ಮೇಲೆ ಗೋಡೆಯ ಪಕ್ಕ ಕನ್ನಡದಲ್ಲಿ ಮಾತಾಯಿತು.

"ಯಾಕೋ ಮಧು?" ಎಂದ ಗಿರೀಶ.

"ನಿನ್ ಬೇಸ್‌ಮೆಂಟಲ್ಲಿದ್ರೆ ಅದನ್ನ ಯಾರು ನೋಡ್ತಿದ್ರು ಹೇಳು? ವರ್ಷಾ ವರ್ಷಾ ಅರಿಶಿನ ಬಳಿದು ಹಾಳ್ ಮಾಡ್ತಿದ್ರಿ. ನಾನು ಉಳಿಸ್ದೆ. ಇಲ್ಲಿ ಅದಕ್ಕೊಂದು ಮರ್ಯಾದೆ ಇದೆ."

"ಅದು ನನ್ದಲ್ಲ ಕಣೋ. ಅಜ್ಜೀದು."

"ಅದಕ್ಕೇನ್ ಪ್ರೂಫ್ ಇದೆ ನಿನ್ ಹತ್ರ? ಬಿಲ್ಲಿದ್ಯಾ? ಒಂದ್ ಕಾಗದ ಇದ್ಯಾ?"

ಇರಲಿಲ್ಲ. ಅಂಗೈ ಮೇಲೆ ಅಂಗೈ ಇಟ್ಟದ್ದು ಬಿಟ್ಟರೆ ಏನೂ ಇರಲಿಲ್ಲ, ಅದು ಮಧುವಿಗೂ ಗೊತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದರು, ಪೊಲೀಸಿಗೆ ಹೋಗುತ್ತಿದ್ದರು. ಗಿರೀಶ ಬೇಡಿದ.

"ಇಟ್ಕೋ. ನೀನೇ ಇಟ್ಕೋ ಮಧು, ನಿನ್ ಹೆಸರಲ್ಲೇ ಇರ್ಲಿ. ಒಂದ್ ಗಂಟೆ ಕೊಡು ಸಾಕು. ಅಜ್ಜಿ ಕೈಯಲ್ಲಿಟ್ಟು ವಾಪಸ್ ತಂದ್ಕೊಡ್ತೀನಿ. ಅವ್ರು ಸಾಯ್ತಿದ್ದಾರೆ ಕಣೋ, ನಾನು ಮಾರ್ಕೊಂಡೆ ಅಂದ್ಕೊಂಡು ಸಾಯ್ತಿದ್ದಾರೆ. ಬೇಕಾದ್ರೆ ನೀನೂ ಜೊತೇಲಿ ಬಾ."

ಮಧು ನೆಲ ನೋಡಿದ. ಅಲ್ಲೇ ಅವನಿಗೊಂದಿಷ್ಟು ಕರುಳು ಚುರುಕ್ ಅಂದಿರಬೇಕು, ಇಲ್ಲವೆನ್ನಲಾರೆ. ಆದರೆ ತಲೆಯೆತ್ತಿದಾಗ ಹೇಳಿದ್ದು ಇಷ್ಟು: "ಆಗಲ್ಲ ಗಿರಿ. ತಂದ್ರೆ ಅದು ಅವ್ರದ್ದು ಅಂತ ನಾನೇ ಒಪ್ಕೊಂಡ ಹಾಗಾಗತ್ತೆ."

ಕಾರಿನಲ್ಲಿ ದಾರಿಯುದ್ದಕ್ಕೂ ವಸಂತಾ ಅತ್ತಳು. ಮೈಸೂರುಪಾಕು ಮಾಡಿ ಕಳಿಸಿದ್ದನ್ನು ನೆನೆಸಿಕೊಂಡು ಅತ್ತಳು.

ಎರಡು ದಿನದಲ್ಲಿ ಜಯಶೀಲಾಳ ಫೋನು. "ಅಜ್ಜಿ ಊಟ ಬಿಟ್ಟಿದ್ದಾರೆ ಮಾರಾಯ್ರೆ. ನಿಮ್ಮ ಹೆಸರೇ ಹೇಳ್ತಾ ಇದ್ದಾರೆ. ಅವನು ನನ್ನ ಅಪ್ಪನನ್ನು ಮಾರಿದ, ಮಾರಿದ ಅಂತ. ಕೇಳ್ಲಿಕ್ಕೆ ಆಗುದಿಲ್ಲ. ಎಂತಾದ್ರೂ ಮಾಡಿ."

ಏನು ಮಾಡುವುದು? ನಿಜ ಹೇಳೋಣವೇ? ಸ್ನೇಹಿತ ಕದ್ದ ಎಂದರೆ ಅಜ್ಜಿಯ ಕಿವಿಗೆ ಅದು ಇನ್ನೊಂದು ನೆಪ. ನಂಬಿದಳೆಂದೇ ಇಟ್ಟುಕೊಳ್ಳಿ, ಕೈಯಲ್ಲಿ ಹಿಡಿಯಲು ಏನು ಕೊಡುವುದು? ಗಿರೀಶ ಬೇಸ್‌ಮೆಂಟಿಗೆ ಇಳಿದ. ಪ್ಲಾಸ್ಟಿಕ್ ಹಿಡಿಯನ್ನು ಅಲಗಿನಿಂದ ಬಿಡಿಸಿ ಮೇಜಿಗೆ ಬಿಗಿದ. ಅವನ ಕಸುಬು ಅವನಿಗೆ ಚೆನ್ನಾಗಿ ಗೊತ್ತು. ಪ್ರಾಣಿಯ ಬಾಯನ್ನು ಸಣ್ಣ ಡ್ರಿಲ್ಲಿನಿಂದ ಕೊರೆದು, ಒಳಗೆ ಅರದಿಂದ ಉಜ್ಜಿ, ಕಿರುಬೆರಳು ಹೋಗುವಷ್ಟು ತೂತು ಮಾಡಿದ. ಕಿವಿಯ ಹಿಂದಿನ ಗೆರೆಯನ್ನು ಅರ ಹಾಕಿ ಅಳಿಸಿದ. ಅಜ್ಜಿಯ ಅಪ್ಪ ಹಿಡಿಗೆ ತೆಂಗಿನೆಣ್ಣೆ ಸವರುತ್ತಿದ್ದನಂತೆ. ವಸಂತಾ ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ಇಳಿಸಿಕೊಂಡ.

ವಸಂತಾ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ನೋಡಿದಳು. "ಇದು ಸುಳ್ಳಲ್ವೇನ್ರೀ?" ಎಂದಳು.

"ಹೌದು" ಎಂದ ಗಿರೀಶ. ಎಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

ಮರುದಿನ ನ್ಯೂಮಾರ್ಕೆಟ್‌ಗೆ ಹೋಗುವಾಗ ಹಿಡಿ ಅವನ ಅಂಗಿಯ ಒಳಗೆ ಮೈಗೆ ತಾಗಿಕೊಂಡಿತ್ತು, ಬೆಚ್ಚಗಾಗಲೆಂದು. ಜಯಶೀಲಾ ಅಜ್ಜಿಯನ್ನು ಎಬ್ಬಿಸಿ ಕೂರಿಸಿದಳು. ವಸಂತಾ ಒಳಗೆ ಬರಲು ಮನಸ್ಸಾಗದೆ ಕಾರಿನಲ್ಲೇ ಉಳಿದಳು. "ಅವತ್ತು ಬೇರೆಯದನ್ನು ತಂದಿದ್ದೆ" ಎಂದ ಗಿರೀಶ. "ತಪ್ಪಾಯಿತು. ಇದು ನಿಮ್ಮದು. ಕತ್ತಿ ಒಳಗೆ ಬಿಡುವುದಿಲ್ಲವೆಂದು ಹಿಡಿ ಮಾತ್ರ ಬಿಚ್ಚಿ ತಂದೆ."

ಅಜ್ಜಿ ಮೊದಲು ಮೂಸಿ ನೋಡಿದಳು. ಆಮೇಲೆ ಕಿರುಬೆರಳು ಬಾಯಿ ಹುಡುಕಿತು. ಒಳಗೆ ಹೋಯಿತು. ಕೊನೆಯವರೆಗೂ ಹೋಯಿತು. ಮುದುಕಿಯ ಎದೆಯಿಂದ ಒಂದು ಸಣ್ಣ ಮಗುವಿನ ನಗು ಬಂತು, ಹಿಂದೆಯೇ ಅಳು. ಡಚ್ಚಿನಲ್ಲಿ ಅಪ್ಪನ ಹತ್ತಿರ ಏನೇನೋ ಹೇಳಿಕೊಂಡಳು. ಗಿರೀಶ ಕೈಕಟ್ಟಿ ನಿಂತಿದ್ದ. ಆಮೇಲೆ ಅಜ್ಜಿ ಎಡಗೈಯಲ್ಲಿ ಅವನ ಅಂಗೈಗಾಗಿ ತಡಕಾಡಿದಳು, ಸಿಕ್ಕಿದ ಮೇಲೆ ತನ್ನ ಅಂಗೈಯನ್ನು ಅದರ ಮೇಲಿಟ್ಟು ಒತ್ತಿದಳು, ಈರುಳ್ಳಿಯ ದಿನ ಇಟ್ಟ ಹಾಗೆಯೇ.

ಅವನು ಕಾರಿಗೆ ಬಂದು ಕೂತಾಗ ವಸಂತಾ ಅವನ ಮುಖವನ್ನೇ ನೋಡಿದಳು.

"ಏನಂದ್ರು ಅಜ್ಜಿ?"

"ಕ್ಷಮಿಸು ಅಂದ್ರು."

"ಯಾರಿಗೆ?"

"ನನಗೇ" ಎಂದ ಗಿರೀಶ. "ನಿನ್ನಂಥೋನ ಮೇಲೆ ಅನುಮಾನ ಪಟ್ಟೆ, ಕ್ಷಮಿಸು ಅಂದ್ರು. ನಾನು ಆಯ್ತು ಅಂದೆ."